ಶ್ವಾಸಕೋಶದ ಆಪರೇಷನ್ ಆದ ಮೇಲೆ: ಮನೆಯಲ್ಲಿ ಚೇತರಿಸಿಕೊಳ್ಳುವುದು ಹೇಗೆ?

ತುಮಕೂರು ಕಡೆಯಿಂದ ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್‌ಗೆ ಹೋಗುವವರು ಹೆಚ್ಚಾಗಿ ಹೋಗುವುದು ಬೆಂಗಳೂರಿಗೆ. ಕಿದ್ವಾಯಿ ಇರಲಿ, ಬೇರೆ ಆಸ್ಪತ್ರೆ ಇರಲಿ, ತೊಂದರೆ ಏನೂ ಆಗದಿದ್ದರೆ ಅಲ್ಲಿರುವುದು ಒಂದು ವಾರದ ಆಸುಪಾಸು. ಆಮೇಲಿನ ತಿಂಗಳುಗಳೆಲ್ಲ ಮನೆಯಲ್ಲೇ. ಮನೆಗೆ ಬಂದ ಕೂಡಲೇ ನಾವು ಹಾಸಿಗೆ ಹಾಸುತ್ತೇವೆ. "ಏಳಬೇಡಪ್ಪ, ಏನು ಬೇಕೋ ಹೇಳು, ಇಲ್ಲಿಗೇ ತಂದ್ಕೊಡ್ತೀವಿ" ಅನ್ನುತ್ತೇವೆ. ಪ್ರೀತಿಯಿಂದಲೇ ಹೇಳುವ ಮಾತು ಅದು. ಆದರೆ ಈ ಆಪರೇಷನ್ ಆದವರಿಗೆ ಅತಿಯಾದ ವಿಶ್ರಾಂತಿಯೇ ತೊಂದರೆ. ಮಲಗಿಯೇ ಇದ್ದರೆ ಕಫ ಒಳಗೇ ಕಟ್ಟಿಕೊಂಡು ನ್ಯುಮೋನಿಯಾ ಆಗಬಹುದು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಕಾಲಿನ ಕಸುವಂತೂ ಬೇಗ ಇಳಿದುಹೋಗುತ್ತದೆ.

ಬಲಗಡೆಯ ಶ್ವಾಸಕೋಶದಲ್ಲಿ 3 ಭಾಗ, ಎಡಗಡೆ 2. ಹೆಚ್ಚಿನವರಲ್ಲಿ ಇದರಲ್ಲಿ ಒಂದು ಭಾಗವನ್ನು ತೆಗೆಯುತ್ತಾರೆ, ಕೆಲವರಲ್ಲಿ ಒಂದು ಕಡೆಯದನ್ನು ಪೂರ್ತಿ ತೆಗೆಯಬೇಕಾಗುತ್ತದೆ. ಉಳಿದ ಭಾಗ ನಿಧಾನಕ್ಕೆ ಹಿಗ್ಗಿ ಒಂದಿಷ್ಟು ಜವಾಬ್ದಾರಿ ಹೊತ್ತುಕೊಳ್ಳುತ್ತದೆ. ಹಾಗಾಗಿ ಮೊದಲ ಕೆಲವು ತಿಂಗಳು ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಸಹಜ. ಅದಕ್ಕೆ ಹೆದರಿ ಕೂತುಬಿಡಬಾರದು.

ಆಪರೇಷನ್‌ಗೆ ಮೊದಲೇ ಶುರು ಮಾಡಿ

ತಾರೀಕು ಗೊತ್ತಾದ ದಿನವೇ ಬೀಡಿ, ಸಿಗರೇಟು ಬಿಡಬೇಕು. ಕನಿಷ್ಠ 4 ವಾರ ಮೊದಲು ಬಿಟ್ಟರೆ ಗಾಯ ಚೆನ್ನಾಗಿ ಮಾಯುತ್ತದೆ, ಕಫದ ಕಾಟವೂ ಕಡಿಮೆ. ಅಷ್ಟು ದಿನ ಇಲ್ಲದಿದ್ದರೂ ಬಿಡಿ, ಇರುವಷ್ಟು ದಿನದಿಂದಲೂ ಲಾಭವಿದೆ. ಒಬ್ಬರೇ ಬಿಡುವುದು ಕಷ್ಟ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-112-356ಕ್ಕೆ ಫೋನ್ ಮಾಡಬಹುದು. ಮನೆಯಲ್ಲಿ ಬೇರೆಯವರು ಸೇದುತ್ತಿದ್ದರೆ ಅವರೂ ನಿಲ್ಲಿಸಬೇಕು, ಇದರಲ್ಲಿ ರಿಯಾಯಿತಿ ಬೇಡ.

ಜೊತೆಗೆ ದಿನಾ ನಡಿಗೆ, ಉಸಿರಾಟದ ವ್ಯಾಯಾಮ. ಆಪರೇಷನ್‌ಗೆ ಮುಂಚೆ ಕೆಲವು ವಾರ ವ್ಯಾಯಾಮ ಮಾಡಿದವರಿಗೆ ಆಮೇಲೆ ಶ್ವಾಸಕೋಶದ ತೊಂದರೆಗಳು ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ. ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಹೋಗಿ ಕೆಮ್ಮುವುದು, ಉಸಿರೆಳೆಯುವುದು ಹೇಗೆಂದು ಮೊದಲೇ ಕಲಿತು ಬನ್ನಿ. ನೋವಿನಲ್ಲಿ ಹೊಸದಾಗಿ ಕಲಿಯುವುದು ಸುಲಭವಲ್ಲ.

ಮೂರು ಚೆಂಡಿನ ಡಬ್ಬಿ

ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಡುತ್ತಾರೆ. ಒಳಗೆ ಮೂರು ಚೆಂಡು, ಹೊರಗೆ 600, 900, 1200 ಅಂತ ಗುರುತು. ಹೆಸರು ಸ್ಪೈರೋಮೀಟರ್. ಎಷ್ಟೋ ಜನ ಇದನ್ನು ಊದುತ್ತಾರೆ. ಊದುವುದಲ್ಲ, ಎಳೆಯಬೇಕು. ಬೆನ್ನು ನೆಟ್ಟಗೆ ಮಾಡಿ ಕೂತು, ಮೊದಲು ಉಸಿರು ಪೂರ್ತಿ ಹೊರಗೆ ಬಿಡಿ. ಕೊಳವೆಯನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು ನಿಧಾನಕ್ಕೆ ಒಳಗೆ ಎಳೆಯಿರಿ. ಚೆಂಡು ಮೇಲೆದ್ದ ಮೇಲೆ ಎರಡು ಮೂರು ಸೆಕೆಂಡು ಹಾಗೇ ಹಿಡಿದುಕೊಳ್ಳಿ. ಜೋರಾಗಿ ಎಳೆದು ಮೂರೂ ಚೆಂಡನ್ನು ಒಮ್ಮೆ ಹಾರಿಸುವುದಕ್ಕಿಂತ ಒಂದೇ ಚೆಂಡನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಒಳ್ಳೆಯದು. ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತು ಸಲ. ತಲೆ ಸುತ್ತಿದರೆ ನಿಲ್ಲಿಸಿ ಸುಧಾರಿಸಿಕೊಳ್ಳಿ. ಮನೆಗೆ ಬಂದ ಮೇಲೆ ಈ ಡಬ್ಬಿ ಕಪಾಟು ಸೇರಬಾರದು. ಟಿವಿ ಪಕ್ಕದಲ್ಲಿಡಿ, ಜಾಹೀರಾತು ಬಂದಾಗಲೆಲ್ಲ ನೆನಪಾಗುತ್ತದೆ.

ಏದುಸಿರು ಬಂದಾಗ ಮಾಡಬೇಕಾದದ್ದು ಬೇರೆ. ಕೂತು ಸ್ವಲ್ಪ ಮುಂದಕ್ಕೆ ಬಾಗಿ, ಮೊಣಕೈಯನ್ನು ತೊಡೆಯ ಮೇಲೆ ಊರಿ. ಮೂಗಿನಿಂದ ಉಸಿರು ತೆಗೆದುಕೊಂಡು, ತುಟಿ ಚೂಪು ಮಾಡಿ, ದೀಪದ ಕುಡಿ ಅಲುಗಾಡಬೇಕು ಆದರೆ ಆರಬಾರದು ಅನ್ನುವಷ್ಟು ಮೆಲ್ಲಗೆ ಬಿಡಿ. ತೆಗೆದುಕೊಂಡದ್ದರ ಎರಡರಷ್ಟು ಹೊತ್ತು ಬಿಡಬೇಕು.

ಕೆಮ್ಮನ್ನು ನುಂಗಬೇಡಿ

ಹೊಲಿಗೆ ಬಿಚ್ಚಿಹೋಗುತ್ತದೆ ಅನ್ನುವ ಭಯದಿಂದ ಬಹಳ ಜನ ಕೆಮ್ಮನ್ನು ತಡೆಯುತ್ತಾರೆ. ದಿಂಬನ್ನೋ ಮಡಚಿದ ದಪ್ಪ ಟವೆಲನ್ನೋ ಗಾಯದ ಮೇಲೆ ಒತ್ತಿ ಹಿಡಿದು ಕೆಮ್ಮಿದರೆ ನೋವು ಎಷ್ಟೋ ಕಡಿಮೆ. ಅದೂ ಆಗದಿದ್ದರೆ, ಕನ್ನಡಿಯ ಮೇಲೆ ಹಬೆ ಬಿಡುವಾಗ ಮಾಡುತ್ತೇವಲ್ಲ, ಹಾಗೆ ಬಾಯಿ ತೆರೆದು "ಹಾ" ಅಂತ ರಭಸವಾಗಿ ಉಸಿರು ಬಿಡಿ. ಎರಡು ಮೂರು ಸಲ ಮಾಡಿದರೆ ಕಫ ಮೇಲೆ ಬರುತ್ತದೆ, ಆಗ ಒಂದೇ ಕೆಮ್ಮಿಗೆ ಹೊರಗೆ ಹೋಗುತ್ತದೆ. ನೋವಿನ ಮಾತ್ರೆ ತೆಗೆದುಕೊಂಡು ಅರ್ಧ ಗಂಟೆ ಬಿಟ್ಟು ಮಾಡಿದರೆ ಇನ್ನೂ ಸುಲಭ.

ನೋವು ಸಹಿಸಿಕೊಳ್ಳುವುದೇ ಗಟ್ಟಿತನ ಅಂತ ನಮ್ಮ ಹಿರಿಯರಲ್ಲಿ ಒಂದು ನಂಬಿಕೆ ಇದೆ. ಇಲ್ಲಿ ಅದು ಬೇಡ. ನೋವಿದ್ದರೆ ಉಸಿರು ಮೇಲಿಂದ ಮೇಲೆ ಆಡುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಕೊಟ್ಟ ಮಾತ್ರೆಯನ್ನು ಹೇಳಿದ ಹೊತ್ತಿಗೆ ತೆಗೆದುಕೊಳ್ಳಿ. ಕೆಲವು ನೋವಿನ ಮಾತ್ರೆಗಳಿಂದ ಮಲಬದ್ಧತೆ ಆಗುತ್ತದೆ, ಅದನ್ನು ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ಪಕ್ಕೆಲುಬುಗಳ ನಡುವಿನ ನರಕ್ಕೆ ಪೆಟ್ಟಾಗಿರುವುದರಿಂದ ಎದೆಯ ಕೆಳಗೆ ಮರಗಟ್ಟಿದಂತೆ, ಉರಿದಂತೆ, ಬಟ್ಟೆ ತಾಗಿದರೂ ಚುಚ್ಚಿದಂತೆ ಆಗಬಹುದು. 3 ತಿಂಗಳಾದರೂ ಕಡಿಮೆಯಾಗದಿದ್ದರೆ ಸುಮ್ನೆ ಇರಬೇಡಿ. ನರದ ನೋವಿಗೆ ಬೇರೆಯೇ ಔಷಧಿಗಳಿವೆ.

ನಡಿಗೆ, ದಿನಕ್ಕಿಷ್ಟು

ಮೊದಲ ವಾರ ಮನೆಯೊಳಗೇ. ಹಾಲ್‌ನಿಂದ ಅಡುಗೆಮನೆ, ಅಡುಗೆಮನೆಯಿಂದ ಹಿತ್ತಿಲು. ಐದೈದು ನಿಮಿಷ, ದಿನಕ್ಕೆ ನಾಲ್ಕು ಸಲ. ಆಮೇಲೆ ಬೀದಿ ತುದಿಯವರೆಗೆ. ಎರಡು ಮೂರು ದಿನಕ್ಕೊಮ್ಮೆ ಒಂದೆರಡು ನಿಮಿಷ ಜಾಸ್ತಿ ಮಾಡುತ್ತಾ ಬನ್ನಿ. ಒಂದೇ ಸಮನೆ 30 ನಿಮಿಷ ನಡೆಯುವ ಮಟ್ಟಿಗೆ ಬರುವುದು ಗುರಿ.

ಅಳತೆ ಏನು? ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಒಂದು ವಾಕ್ಯ ಮುಗಿಸುವುದಕ್ಕೂ ಆಗುತ್ತಿಲ್ಲ ಅಂದರೆ ವೇಗ ಜಾಸ್ತಿಯಾಯಿತು. ಅದಕ್ಕೇ ಜೊತೆಗೊಬ್ಬರು ಮಾತಾಡುತ್ತಾ ನಡೆಯಬೇಕು. ತುಮಕೂರು ಪೇಟೆಯಲ್ಲಿರುವವರಿಗೆ ಅಮಾನಿಕೆರೆಯ ನಡಿಗೆ ದಾರಿ ಅನುಕೂಲ, ಸಮತಟ್ಟಾಗಿದೆ. ಲಾರಿಗಳು ಓಡಾಡುವ ಹೆದ್ದಾರಿ ಪಕ್ಕ ಬೇಡ, ಕಸ ಸುಡುವ ಹೊತ್ತಿನಲ್ಲೂ ಬೇಡ. ಸಿದ್ಧಗಂಗೆ ಬೆಟ್ಟದ ಮೆಟ್ಟಿಲು, ದೇವರಾಯನದುರ್ಗ ಇವೆಲ್ಲ ಆಮೇಲಿನ ಮಾತು. ಹರಕೆ ಇದ್ದರೂ ಡಾಕ್ಟರ್ ಒಪ್ಪುವವರೆಗೆ ಕಾಯಲಿ.

ಭುಜ ಮರೆತುಹೋಗುತ್ತದೆ

ಆಪರೇಷನ್ ಆದ ಬದಿಯ ಕೈಯನ್ನು ಎದೆಗೆ ಅವುಚಿಕೊಂಡೇ ಇದ್ದರೆ ಕೆಲವೇ ವಾರಗಳಲ್ಲಿ ಭುಜ ಹಿಡಿದುಕೊಳ್ಳುತ್ತದೆ. ಆಮೇಲೆ ತಲೆ ಬಾಚಲೂ ಆಗುವುದಿಲ್ಲ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲಕ್ಕೆ ಹತ್ತಿಸಿ. ಮುಟ್ಟಿದ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ನಾಳೆ ಅದರ ಮೇಲೊಂದು ಗೆರೆ ಎಳೆಯಲು ನೋಡಿ. ಎರಡು ಕೈ ಹೆಣೆದು ತಲೆಯ ಮೇಲೆ ಎತ್ತುವುದು, ಭುಜವನ್ನು ಗುಂಡಗೆ ತಿರುಗಿಸುವುದು, ದಿನಕ್ಕೆ ಮೂರು ಸಲ ಸಾಕು.

ಭಾರ ಎತ್ತುವುದು ಮಾತ್ರ ಬೇಡ. ಎದೆ ತೆರೆದು ಮಾಡಿದ ಆಪರೇಷನ್ ಆದರೆ ಸುಮಾರು 6 ವಾರ 4-5 ಕೆ.ಜಿ.ಗಿಂತ ಹೆಚ್ಚಿನದನ್ನು ಮುಟ್ಟಬೇಡಿ. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಮೇವಿನ ಹೊರೆ ಬೇರೆಯವರೇ ಎತ್ತಲಿ. ಸಣ್ಣ ರಂಧ್ರಗಳ ಮೂಲಕ ಮಾಡಿದ್ದರೆ ಬೇಗ ಚೇತರಿಕೆ, ಆದರೂ ಡಾಕ್ಟರನ್ನು ಕೇಳಿಯೇ ಎತ್ತಿ. ಬೈಕ್, ಸ್ಕೂಟರ್ ಓಡಿಸುವುದಕ್ಕೂ ಅವರ ಒಪ್ಪಿಗೆ ಬೇಕು. ಸ್ನಾನಕ್ಕೆ ಮಣೆಯ ಬದಲು ಎತ್ತರದ ಪ್ಲಾಸ್ಟಿಕ್ ಸ್ಟೂಲ್ ಇಡಿ. ಹೆಂಗಸರಿಗೆ ಮುಂದೆ ಹುಕ್ ಇರುವ ಸಡಿಲ ರವಿಕೆ, ಗಂಡಸರಿಗೆ ಬನಿಯನ್ನಿಗಿಂತ ಗುಂಡಿ ಅಂಗಿ ಸಲೀಸು.

ಊಟ ಮತ್ತು ಹೊಗೆ

ಪಥ್ಯ ಅಂತ ಬರೀ ಗಂಜಿ, ತಿಳಿಸಾರು ಕೊಟ್ಟು ಕೂರಿಸಬೇಡಿ. ಗಾಯ ಮಾಯಲು, ಮಾಂಸಖಂಡ ಉಳಿಯಲು ಪ್ರೋಟೀನ್ ಬೇಕು. ಮುದ್ದೆ ತಿನ್ನಬಹುದು, ಚಿಕ್ಕದು ಕಟ್ಟಿ. ಜೊತೆಗೆ ಮೊಳಕೆ ಹುರುಳಿ ಸಾರು, ಬಸ್ಸಾರಿನ ಪಲ್ಯ, ಮೊಟ್ಟೆ, ಮೊಸರು, ತಿನ್ನುವವರಿಗೆ ಕೋಳಿ. ಹೊಟ್ಟೆ ಬಿರಿಯೆ ತಿಂದರೆ ಉಸಿರಾಡಲು ಕಷ್ಟ, ಆದ್ದರಿಂದ ಐದಾರು ಸಲ ಸ್ವಲ್ಪ ಸ್ವಲ್ಪ. ಸೌದೆ ಒಲೆ ಇರುವ ಮನೆಯಲ್ಲಿ ರೋಗಿ ಒಲೆ ಮುಂದೆ ಕೂರಬಾರದು, ಅಡುಗೆಯಾಗುವಾಗ ಹೊರಗೆ ಜಗುಲಿಯಲ್ಲಿರಲಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಯಾವಾಗ ಹಾಕಿಸಬೇಕೆಂದು ಡಾಕ್ಟರನ್ನು ಕೇಳಿ.

ನೋಡಲು ಬರುವವರಿಗೆ ಒಂದು ಮಾತು

"ಬೀಡಿ ಸೇದಿದ್ದಕ್ಕೇ ಬಂತು" ಅಂತ ದಯವಿಟ್ಟು ಅನ್ನಬೇಡಿ. ಬೀಡಿ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ, ಸೇದಿದವರಿಗೆ ಅದು ಮೊದಲೇ ಗೊತ್ತಿರುತ್ತದೆ. ಆ ಮಾತು ಕೇಳಿ ಮನುಷ್ಯ ಗೋಡೆ ಕಡೆ ತಿರುಗಿ ಮಲಗಿಬಿಟ್ಟರೆ ನಡಿಗೆಯೂ ನಿಲ್ಲುತ್ತದೆ, ಊಟವೂ ನಿಲ್ಲುತ್ತದೆ. ಎರಡು ವಾರಕ್ಕೂ ಹೆಚ್ಚು ದಿನ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅನ್ನುವಂತಿದ್ದರೆ ಮನಸ್ಸಿನ ತೊಂದರೆಗಳಿಗೆಂದೇ ಇರುವ ಸರ್ಕಾರದ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ.

ಕಾಯದೆ ಹೊರಡಬೇಕಾದ ಹೊತ್ತು

ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಹೊಸದಾಗಿ ಎದೆನೋವು, ಕಫದಲ್ಲಿ ರಕ್ತ, 100.4 ಡಿಗ್ರಿ ಮೀರಿದ ಜ್ವರ, ಗಾಯದಲ್ಲಿ ಕೀವು, ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುವುದು. ಇದರಲ್ಲಿ ಯಾವುದಾದರೂ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಉಸಿರಿನ ತೊಂದರೆಯಾದರೆ 108ಕ್ಕೆ ಕರೆ ಮಾಡಿ. ಒಂದು ಕಡೆಯ ಶ್ವಾಸಕೋಶ ಪೂರ್ತಿ ತೆಗೆದವರು ಹಠಾತ್ತನೆ ನೀರಿನಂಥ ಕಫವನ್ನು ಬಹಳ ಕೆಮ್ಮತೊಡಗಿದರೆ ಅದು ತುರ್ತು. ಅವರನ್ನು ಎಬ್ಬಿಸಿ ಕೂರಿಸಿ, ಆಪರೇಷನ್ ಆದ ಬದಿಗೇ ವಾಲಿಸಿ ಕರೆದೊಯ್ಯಿರಿ.

ತಪಾಸಣೆಗೆ ಹೋಗುವಾಗ

ಮೊದಲ ಎರಡು ಮೂರು ವರ್ಷ ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ಸಿ.ಟಿ. ಸ್ಕ್ಯಾನ್ ಇರುತ್ತದೆ. ಹೋಗುವಾಗ ಒಂದು ನೋಟ್ ಪುಸ್ತಕ ಒಯ್ಯಿರಿ. ದಿನಾ ನಡೆದ ನಿಮಿಷ, ವಾರಕ್ಕೊಮ್ಮೆ ತೂಕ, ನೋವಿಗೂ ಏದುಸಿರಿಗೂ ನಿದ್ದೆಯ ತೊಂದರೆಗೂ 0ಯಿಂದ 10ರೊಳಗೆ ಒಂದೊಂದು ಅಂಕ. "ಪರವಾಗಿಲ್ಲ ಸಾರ್" ಅನ್ನುವ ಉತ್ತರದಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಅಂಕ ಬರೆಯುವ ಕೆಲಸ ಮೊಮ್ಮಕ್ಕಳಿಗೆ ಕೊಡಿ, ತಪ್ಪದೆ ಬರೆಯುತ್ತಾರೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಟಿಕೆಟ್ ರಿಯಾಯಿತಿ ಇದೆ. ಅದಕ್ಕೆ ಬೇಕಾದ ಪತ್ರವನ್ನು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಕೇಳಿ ಬರೆಸಿಕೊಳ್ಳಿ.