ನನಗೆ ಡೈವಿಂಗ್ ಗುರು ಸಿಕ್ಕಿದ್ದು ಹೀಗೆ

ನಮ್ಮೂರು ಮುನಿರಾಬಾದಿನ ಹತ್ತಿರ. ಕೆಲಸ ಗಿಣಿಗೇರಾ ಕಡೆಯ ಒಂದು ಕಾರ್ಖಾನೆಯಲ್ಲಿ, ಕಂಪ್ರೆಸರ್ ಫಿಟ್ಟರ್. ಈಜು ಕಲಿತದ್ದು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ. ನಮ್ಮ ಕಾಕಾ ಬೆನ್ನಿಗೆ ಪ್ಲಾಸ್ಟಿಕ್ ಕ್ಯಾನ್ ಕಟ್ಟಿ ನೀರಿಗೆ ಬಿಟ್ಟಿದ್ದರು. "ಉಸಿರು ಹಿಡಿ, ಕೈ ಬಡಿ" ಅನ್ನುತ್ತಿದ್ದರು. ಅಷ್ಟೇ ಪಾಠ. ಅದೇ ಪಾಠ ಸಮುದ್ರದ ಕೆಳಗೆ ಅಪಾಯ ಅನ್ನೋದು ತಿಳಿಯಲು ಇಪ್ಪತ್ತೈದು ವರ್ಷ ಬೇಕಾಯಿತು.

ಮೊದಲ ಸಲ ಸ್ಕೂಬಾ ಡೈವ್ (ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಇಳಿಯುವುದು) ಮಾಡಿದ್ದು ಗೆಳೆಯರ ಜೊತೆ ಪ್ರವಾಸಕ್ಕೆ ಹೋದಾಗ. ಒಂದು ದಿನದ ಡೈವ್. ಇಂಥದ್ದಕ್ಕೆ ಈಜು ಬರಬೇಕು ಅಂತಿಲ್ಲ, 12 ಮೀಟರಿಗಿಂತ ಕೆಳಗೆ ಇಳಿಸುವಂತಿಲ್ಲ, ಡೈವರ್ ಅನ್ನುವ ಸರ್ಟಿಫಿಕೇಟೂ ಸಿಗುವುದಿಲ್ಲ. ದೋಣಿಯಲ್ಲೇ ಐದು ನಿಮಿಷ ಹಿಂದಿಯಲ್ಲಿ ಹೇಳಿದರು. ಒಂದು ಫಾರಂ ಕೊಟ್ಟರು, ಓದದೆ ಸಹಿ ಹಾಕಿದೆ. ಆವತ್ತು ನನಗೆ ನೆಗಡಿ ಇತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನನ್ನು ಇಳಿಸಲು ಬಂದ ಹುಡುಗ ನನ್ನ ಸಿಲಿಂಡರ್ ಹಿಡಿದು ಸೀದಾ ಕೆಳಗೆ ಒಯ್ದ. ಎರಡು ಆಳು ಇಳಿಯುವಷ್ಟರಲ್ಲಿ ಎಡಗಿವಿಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಅವನು ಓಕೆನಾ ಅಂತ ಬೆರಳಲ್ಲಿ ಕೇಳಿದ. ಕಿವಿ ನೋವಿಗೆ ಯಾವ ಸನ್ನೆ ಅಂತ ಗೊತ್ತಿಲ್ಲದ ನಾನು ಓಕೆ ಅಂದುಬಿಟ್ಟೆ. ಫೋಟೋ, ವಿಡಿಯೋ ಎಲ್ಲ ಆಯಿತು.

ಹತ್ತು ದಿನ ಆ ಕಿವಿ ಕೇಳಿಸಲೇ ಇಲ್ಲ. ಕೊಪ್ಪಳದಲ್ಲಿ ಕಿವಿ ಡಾಕ್ಟರ್ ನೋಡಿ, ಒತ್ತಡಕ್ಕೆ ತಮಟೆ ಕೆಂಪಾಗಿ ಬಾತುಕೊಂಡಿದೆ, ಪುಣ್ಯಕ್ಕೆ ಹರಿದಿಲ್ಲ ಅಂದರು. "ನೆಗಡಿ ಇದ್ದಾಗ ಯಾಕಪ್ಪಾ ಇಳಿದೆ? ಫಾರಂನಲ್ಲಿ ಬರೆಸಿಕೊಳ್ಳಲಿಲ್ಲವಾ?" ಅಂತ ಬೈದರು. ಆಗ ನನಗೆ ಚುರ್ ಅಂದಿತು. ದಿನಾ ಬಾರ್ ಲೆಕ್ಕದಲ್ಲೇ, ಅಂದರೆ ಒತ್ತಡದ ಅಳತೆಯಲ್ಲೇ ಬದುಕುವವನು ನಾನು. 10 ಮೀಟರ್ ನೀರು ಅಂದರೆ ಒಂದು ಬಾರ್. ನೀರಿನ ಮೇಲೆ ಗಾಳಿಯ ಒತ್ತಡವೇ ಒಂದು ಬಾರ್ ಇದ್ದದ್ದು 10 ಮೀಟರಿನಲ್ಲಿ ಎರಡಾಗುತ್ತದೆ. ಮುಂದಿನ ಯಾವ 10 ಮೀಟರಿನಲ್ಲೂ ಒತ್ತಡ ಹೀಗೆ ದುಪ್ಪಟ್ಟಾಗುವುದಿಲ್ಲ. ಕಿವಿಗೆ ಜಾಸ್ತಿ ಕಷ್ಟ ಈ ಮೊದಲ ಮೀಟರುಗಳಲ್ಲೇ. ಅಲ್ಲೇ ಆ ಹುಡುಗ ಅವಸರ ಮಾಡಿದ್ದ.

ಆದರೂ ಆಸೆ ಹೋಗಲಿಲ್ಲ. ಸರಿಯಾಗಿ ಕೋರ್ಸ್ ಮಾಡಬೇಕು, ಅದಕ್ಕೆ ಸರಿಯಾದವರು ಸಿಗಬೇಕು ಅಂತ ಹುಡುಕಲು ಶುರು ಮಾಡಿದೆ. ಡೈವಿಂಗ್ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಲ್ಲಿ ಮೊದಲು ಪಾಡಿ ಒಳ್ಳೆಯದಾ, ಎಸ್ಎಸ್ಐ ಒಳ್ಳೆಯದಾ ಅಂತ ತಲೆ ಕೆಡಿಸಿಕೊಂಡೆ. ಸುಮ್ನೆ ಹೊತ್ತು ಹೋಯಿತು. ಎರಡರಲ್ಲೂ ಮೊದಲ ಹಂತ ಓಪನ್ ವಾಟರ್, ಎರಡರಲ್ಲೂ 18 ಮೀಟರ್ ಮಿತಿ. ನಿಮ್ಮ ಕೈ ಹಿಡಿದು ಕೆಳಗೆ ಕರೆದೊಯ್ಯುವುದು ಕಂಪನಿ ಅಲ್ಲ, ಒಬ್ಬ ಮನುಷ್ಯ.

ಆರು ಕಡೆ ಫೋನ್ ಮಾಡಿದೆ. ಐದು ಕಡೆ "ಎಷ್ಟು ಜನ, ಯಾವ ತಾರೀಕು, ವಿಡಿಯೋ ಬೇಕಾ" ಅಂತ ಕೇಳಿದರು. ಮುರುಡೇಶ್ವರದ ಒಬ್ಬರು ಮಾತ್ರ ಬೇರೆ ಥರ ಮಾತಾಡಿದರು. ಮುಂಚೆ ಇಳಿದಿದ್ದೀರಾ, ಏನಾಯಿತು, ಅಸ್ತಮಾ ಇದೆಯಾ, ಬಿಪಿ ಮಾತ್ರೆ ತಗೋತೀರಾ ಅಂತ ಒಂದೊಂದಾಗಿ ಕೇಳಿದರು. ಕಿವಿ ಕಥೆ ಹೇಳಿದೆ. "ಹಾಗಾದ್ರೆ ಈಗ ಬರಬೇಡಿ ಸರ್. ಕಿವಿ ಡಾಕ್ಟರ್ ಹತ್ರ ಫಾರಂಗೆ ಸಹಿ ಮಾಡಿಸಿ, ಆಮೇಲೆ ಮಾತಾಡೋಣ. ದುಡ್ಡು ಈಗ ಕಳಿಸಬೇಡಿ" ಅಂದರು. ಬರಬೇಡಿ ಅಂದ ಮಾತಿಗೇ ನನಗೆ ನಂಬಿಕೆ ಹುಟ್ಟಿತು. ಆದರೂ ನಂಬಿಕೆ ಒಂದರ ಮೇಲೆ ಹೋಗಲಿಲ್ಲ. ಅವರ ಇನ್‌ಸ್ಟ್ರಕ್ಟರ್ ನಂಬರ್ ಕೇಳಿ, ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ಕಲಿಸುವ ಅಧಿಕಾರ ಚಾಲ್ತಿಯಲ್ಲಿತ್ತು. ಕಲಿತವರನ್ನು ನೀರಿನಲ್ಲಿ ಕರೆದೊಯ್ಯುವ ಡೈವ್‌ಮಾಸ್ಟರ್ ಬೇರೆ, ಕಲಿಸುವ ಇನ್‌ಸ್ಟ್ರಕ್ಟರ್ ಬೇರೆ. ಡೈವ್‌ಮಾಸ್ಟರ್ ನಿಮಗೆ ಓಪನ್ ವಾಟರ್ ಸರ್ಟಿಫಿಕೇಟ್ ಕೊಡುವಂತಿಲ್ಲ. ಇನ್ನೊಂದು ಕೇಳಿದೆ: ನೀರಿನಲ್ಲಿ ನನ್ನ ಜೊತೆ ಇರುವುದು ನೀವೇನಾ? ಫೋನಿನಲ್ಲಿ ಮಾತಾಡಿದವರೇ ನೀರಿಗೆ ಇಳಿಯುತ್ತಾರೆ ಅಂತ ಅಂದುಕೊಳ್ಳಬಾರದು. "ನಾನೇ. ಒಂದು ಸಲಕ್ಕೆ ಮೂರೇ ಜನ" ಅಂದರು.

ಡಾಕ್ಟರ್ ಸಹಿ ಸಿಕ್ಕ ಮೇಲೆ ಜನವರಿಯಲ್ಲಿ ಹೊರಟೆ. ಕೊಪ್ಪಳದಿಂದ ಹುಬ್ಬಳ್ಳಿ, ಯಲ್ಲಾಪುರ, ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಮುರುಡೇಶ್ವರ. ಹೋದ ತಕ್ಷಣ ನನ್ನ ಕಣ್ಣು ಹೋಗಿದ್ದು ಸಿಲಿಂಡರ್ ಮೇಲೆ. ಕುತ್ತಿಗೆಯ ಹತ್ತಿರ ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಕೊಟ್ಟು ಮಾಡುವ ಪರೀಕ್ಷೆ) ತಾರೀಕು ಕೊರೆದಿರುತ್ತದೆ, ಅದನ್ನು ಓದಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಕಂಪ್ರೆಸರ್ ರೂಮಿಗೇ ಕರೆದೊಯ್ದರು. ಗಾಳಿ ಎಳೆಯುವ ಪೈಪ್ ಡೀಸೆಲ್ ಇಂಜಿನ್ ಹೊಗೆಯಿಂದ ದೂರ ಇತ್ತು. ಹೊಗೆ ಒಳಗೆ ಹೋದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಸಿಲಿಂಡರ್ ಸೇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಫಿಲ್ಟರ್ ಬದಲಿಸಿದ ತಾರೀಕುಗಳು ಗೋಡೆಯ ಹಾಳೆಯಲ್ಲಿದ್ದವು. 2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಆಮೇಲೆ ನಮ್ಮ ಕಡೆ ಮೇಂಟೆನೆನ್ಸ್ ಅನ್ನೋ ಮಾತನ್ನು ಯಾರೂ ಹಗುರವಾಗಿ ಆಡುವುದಿಲ್ಲ. ಆ ಹಾಳೆ ನೋಡಿ ನನಗೆ ಸಮಾಧಾನ ಆಯಿತು.

ಮೊದಲ ದಿನ ಈಜುಕೊಳ. 200 ಮೀಟರ್ ಈಜು, 10 ನಿಮಿಷ ತೇಲುವುದು. ಎರಡೂ ಸಲೀಸು. ಸಿಲಿಂಡರಿನ ಗಾಳಿ ಎಳೆಯುವ ರೆಗ್ಯುಲೇಟರ್ ಬಾಯಿಗಿಟ್ಟು ಕೆಳಗೆ ಕೂತಾಗ ಅವರು ನನ್ನ ಗುಳ್ಳೆಗಳನ್ನೇ ನೋಡುತ್ತಿದ್ದರು. ಮೇಲೆ ಬಂದ ಮೇಲೆ, "ಸರ್, ನೀವು ಚೆನ್ನಾಗಿ ಈಜ್ತೀರಿ. ಆದ್ರೆ ಪ್ರತಿ ಸಲ ಉಸಿರು ಎಳೆದು ಹಿಡ್ಕೊಳ್ತೀರಿ" ಅಂದರು. ಕಾಕಾ ಕಲಿಸಿದ್ದು! 10 ಮೀಟರಿನಲ್ಲಿ ಎಳೆದ ಗಾಳಿಯನ್ನು ಹಿಡಿದುಕೊಂಡೇ ಮೇಲೆ ಬಂದರೆ ಅದು ದುಪ್ಪಟ್ಟು ಹಿಗ್ಗಲು ನೋಡುತ್ತದೆ, ಶ್ವಾಸಕೋಶ ಹರಿಯಬಹುದು. ಸ್ಕೂಬಾದಲ್ಲಿ ಉಸಿರು ಹಿಡಿಯಬಾರದು ಅನ್ನುವುದೇ ಮೊದಲ ನಿಯಮ. ರೆಗ್ಯುಲೇಟರ್ ಬಾಯಿಂದ ತೆಗೆದಾಗಲೆಲ್ಲ ಸಣ್ಣ ಗುಳ್ಳೆ ಬಿಡುತ್ತಾ ಇರಬೇಕು. ಆ ಮಧ್ಯಾಹ್ನ ಪೂರ್ತಿ ನನಗೆ ಅದೊಂದನ್ನೇ ಮಾಡಿಸಿದರು.

ಮಾಸ್ಕ್ ತೆಗೆದು ಮತ್ತೆ ಹಾಕಿ, ಮೂಗಿನಿಂದ ಊದಿ ನೀರು ಹೊರಹಾಕುವ ಪಾಠದಲ್ಲಿ ನಾನು ಗಾಬರಿಯಾದೆ. ಮೂಗಿಗೆ ನೀರು ಹೋಗಿ ದಡಕ್ಕನೆ ಎದ್ದು ನಿಂತೆ. "ಏನೂ ಆಗಲ್ಲ, ಹೂಂ, ಇನ್ನೊಮ್ಮೆ" ಅಂತ ಅವರು ಅವಸರ ಮಾಡಲಿಲ್ಲ. ಸಂಜೆ ಉಳಿದವರನ್ನು ಕಳಿಸಿ, ಸೊಂಟದ ಮಟ್ಟದ ನೀರಿನಲ್ಲಿ ಮಾಸ್ಕ್ ಇಲ್ಲದೆ ಮುಖ ಮುಳುಗಿಸಿ ಬಾಯಲ್ಲಿ ಉಸಿರಾಡಿಸಿದರು. ಮೊದಲು ಅರ್ಧ ನಿಮಿಷ. ಆಮೇಲೆ ಒಂದು, ಎರಡು, ಐದು. ಎಲ್ಲ ಹೇಳಿದ್ದು ಕನ್ನಡದಲ್ಲಿ. ನಾನು ಇಂಗ್ಲಿಷ್ ಓದಬಲ್ಲೆ, ಹಿಂದಿ ಮಾತಾಡಬಲ್ಲೆ. ಆದರೆ ಹೆದರಿಕೆಯಾದಾಗ ತಲೆಗೆ ಇಳಿಯುವುದು ನಮ್ಮ ಭಾಷೆ ಮಾತ್ರ. ಗುರುವನ್ನು ಹುಡುಕುವವರು ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ.

ಎರಡು ದಿನದ ಈಜುಕೊಳ ನನಗೆ ಮೂರು ದಿನವಾಯಿತು. ಹೆಚ್ಚಿನ ದುಡ್ಡು ಕೇಳಲಿಲ್ಲ. ನಾಲ್ಕನೇ ದಿನ ಗಾಳಿ ಜೋರಿತ್ತು, ದೋಣಿ ಬಿಡುವುದಿಲ್ಲ ಅಂದರು. ಜೊತೆಗಿದ್ದ ಇಬ್ಬರು ರಜೆ ಮುಗಿಯುತ್ತೆ ಅಂತ ಜಗಳಕ್ಕೇ ಹೋದರು. ನನಗೂ ರಜೆಯ ಚಿಂತೆ ಇತ್ತು. ಆದರೂ ಅವರ ಮಾತೇ ಸರಿ ಅನ್ನಿಸಿತು.

ಮರುದಿನ ನೇತ್ರಾಣಿ ದ್ವೀಪ. ದಡದಿಂದ ಸುಮಾರು 19 ಕಿಲೋಮೀಟರ್. ಹಗ್ಗ ಹಿಡಿದು ಇಳಿಯುವಾಗ ಒಂದೊಂದು ಮೊಳಕ್ಕೂ ಕಿವಿಯ ಒತ್ತಡ ಸಮ ಮಾಡಲು ಮೂಗು ಹಿಡಿದು ಮೆಲ್ಲಗೆ ಊದುತ್ತಿದ್ದೆ. ನೋವು ಬಂದ ಮೇಲೆ ಅಲ್ಲ, ಬರುವ ಮುಂಚೆ. ನಾಲ್ಕು ಮೀಟರಿನಲ್ಲಿ ಎಡಗಿವಿ ಕಟ್ಟಿಕೊಂಡಿತು. ಈ ಸಲ ಸನ್ನೆ ಗೊತ್ತಿತ್ತು. ಅಂಗೈ ಅಲ್ಲಾಡಿಸಿ ಕಿವಿ ತೋರಿಸಿದೆ. ಅವರು ಅಲ್ಲೇ ನಿಂತರು, ಒಂದು ಮೀಟರ್ ಮೇಲೆ ಕರೆತಂದರು, ಕಾದರು. ಮೂರನೇ ಸಲಕ್ಕೆ ಕಿವಿ ಟಪ್ ಅಂತ ಬಿಟ್ಟಿತು. ಕೆಳಗೆ ಬಂಡೆಗಳ ಸುತ್ತ ಹಳದಿ ಚಿಟ್ಟೆ ಮೀನುಗಳು. ಬರುವಾಗ 5 ಮೀಟರಿನಲ್ಲಿ 3 ನಿಮಿಷ ನಿಂತು, ನಿಧಾನಕ್ಕೆ ಮೇಲೆ ಬಂದೆವು.

ಎರಡು ದಿನದಲ್ಲಿ ನಾಲ್ಕು ಡೈವ್ ಮುಗಿದವು. ಲಾಗ್‌ಬುಕ್ಕಿಗೆ ಸಹಿ ಹಾಕುತ್ತಾ ಅವರು ಕೇಳಿದರು: "ಬಸ್ಸು ಯಾವಾಗ ಸರ್?" ಇವತ್ತೇ ರಾತ್ರಿ ಅಂದೆ. ಬೇಡ ಅಂದರು. ಘಟ್ಟ ಹತ್ತಿದ ಹಾಗೆ ಗಾಳಿಯ ಒತ್ತಡ ಇಳಿಯುತ್ತದೆ, ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗಬಹುದು. ಹಲವು ಡೈವ್ ಮಾಡಿದವರು ವಿಮಾನ ಹತ್ತಲು 18 ಗಂಟೆಯಾದರೂ ಕಾಯಬೇಕು ಅನ್ನುವುದೂ ಇದಕ್ಕೇ. ಘಟ್ಟ ಅಷ್ಟು ಎತ್ತರ ಅಲ್ಲದಿದ್ದರೂ ಒಂದು ರಾತ್ರಿ ಉಳಿದು ಹೋಗಿ ಅಂದರು.

ಉಳಿದೆ. ಮರುದಿನ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತಾ ಕೂತಿದ್ದಾಗ ಅವರ ಫೋನ್ ಬಂತು.

"ಘಟ್ಟ ಹತ್ತಿದ್ರಾ ಸರ್? ಎಡಗಿವಿ ಹೇಗಿದೆ?"