ಜನವರಿ ಸ್ಕ್ರಿಮೇಜ್ ನೋಡಿ ಹಿಟ್ಟರ್‌ನ ಅಳೆಯೋದು ಹೇಗೆ?

ಅಮೆರಿಕದ ಕಾಲೇಜ್ ಬೇಸ್‌ಬಾಲ್ ಸೀಸನ್ ಶುರುವಾಗೋದು ಫೆಬ್ರವರಿ ಮಧ್ಯದಲ್ಲಿ. ಅದಕ್ಕೂ ಮುಂಚೆ, ಜನವರಿ ಕೊನೆಯ ದಿನಗಳಿಂದ ಶುರುವಾಗಿ, ಟೀಮಿನ ಹುಡುಗ್ರೇ ಎರಡು ಪಾಲಾಗಿ ತಮ್ಮತಮ್ಮಲ್ಲೇ ಆಡ್ಕೋತಾರೆ, ಇದೇ ಸ್ಕ್ರಿಮೇಜ್. ಎಷ್ಟೋ ಕಡೆ ಟಿಕೆಟ್ಟೂ ಇರಲ್ಲ, ಸುಮ್ನೆ ಒಳಗೆ ಹೋಗಿ ಕೂತು ನೋಡಬಹುದು. ಮಕ್ಕಳನ್ನ ಅಲ್ಲಿನ ಕಾಲೇಜಿಗೆ ಸೇರಿಸಿ ಅವರ ಜೊತೆ ಈ ಆಟಾನೂ ಹಚ್ಕೊಂಡಿರೋ ನಮ್ಮೋರು ಸುಮಾರು ಜನ ಇದಾರೆ. ಅವರಲ್ಲಿ ಹೆಚ್ಚಿನೋರು ಮಾಡೋ ತಪ್ಪು ಒಂದೇ, ಯಾರು ಎಷ್ಟು ಹಿಟ್ (ಬಾಲ್ ಹೊಡೆದು ಔಟಾಗದೆ ಬೇಸ್ ಮುಟ್ಟೋದು) ಹೊಡೆದ ಅಂತ ಎಣಿಸ್ಕೊಂಡು ಮನೆಗೆ ಬಂದು "ಈ ವರ್ಷ ಇವನೇ" ಅಂತ ತೀರ್ಮಾನ ಮಾಡಿಬಿಡೋದು. ನಾನೂ ಮೊದಲ ಎರಡು ವರ್ಷ ಹಾಗೇ ನೋಡಿದ್ದು.

ಮೊದಲು ಲೆಕ್ಕ ನೋಡಿ. ಮೂರ್ನಾಲ್ಕು ವಾರದ ಸ್ಕ್ರಿಮೇಜಲ್ಲಿ ಒಬ್ಬನಿಗೆ ಹೆಚ್ಚುಕಮ್ಮಿ 20 ಸಲ ಬ್ಯಾಟಿಂಗ್ ಸಿಕ್ತು ಅಂತಿಟ್ಕೊಳ್ಳಿ. 5 ಹಿಟ್ ಬಂದ್ರೆ ಆವರೇಜು (ಹಿಟ್ಟನ್ನ ಬ್ಯಾಟಿಂಗ್ ಸಲದಿಂದ ಭಾಗಿಸಿದ್ದು) 0.250, 7 ಬಂದ್ರೆ 0.350. ಒಬ್ಬ ಸಾಧಾರಣ ಅನ್ನಿಸ್ಕೋತಾನೆ, ಇನ್ನೊಬ್ಬ ಸ್ಟಾರ್ ಆಗ್ತಾನೆ, ನಡುವೆ ಇರೋದು ಬರೀ ಎರಡು ಹಿಟ್ಟು, ಅದ್ರಲ್ಲಿ ಒಂದು ಬ್ಯಾಟಿನ ಹಿಡಿ ಹತ್ರ ತಾಗಿ ಇನ್‌ಫೀಲ್ಡ್ ಮೇಲೆ ಪುಸಕ್ ಅಂತ ಬಿದ್ದಿದ್ದಿರಬಹುದು, ಇನ್ನೊಂದು ಫೀಲ್ಡರ್ ಮುಂದೆ ಅಡ್ಡಾದಿಡ್ಡಿ ಪುಟಿದಿದ್ದು. ನಿಜವಾಗ್ಲೂ 0.300 ಹೊಡೆಯೋ ಆಟಗಾರನೂ 20 ಸಲದಲ್ಲಿ 0.200ರಿಂದ 0.400ರೊಳಗೆ ಎಲ್ಲಿ ಬೇಕಾದ್ರೂ ನಿಲ್ಲಬಹುದು, ನಾಲ್ಕೈದು ಸಲಕ್ಕೊಮ್ಮೆ ಅದರಾಚೆಗೂ ಹೋಗ್ತಾನೆ. ಹಂಗಾಗಿ ಆವರೇಜು ಪಕ್ಕಕ್ಕಿಡಿ, ಒಂದು ನೋಟ್‌ಬುಕ್ ತಗೊಳ್ಳಿ.

ನೋಟ್‌ಬುಕ್ಕಲ್ಲಿ ಮೊದಲು ಬರೀಬೇಕಾದ್ದು ಹಿಟ್ಟರ್ ಹೆಸರಲ್ಲ, ಎದುರಿಗೆ ಬಾಲ್ ಎಸೀತಿರೋ ಪಿಚರ್ ಹೆಸರು. ಯಾಕಂದ್ರೆ ಜನವರೀಲಿ ಪಿಚರ್‌ಗಳು ಗೆಲ್ಲೋಕೆ ಅಂತ ಎಸೆಯಲ್ಲ. ಒಬ್ಬ ಹೊಸದಾಗಿ ಕಲೀತಿರೋ ಚೇಂಜಪ್‌ನೇ (ಫಾಸ್ಟ್‌ಬಾಲ್ ಥರ ಕಂಡು ನಿಧಾನಕ್ಕೆ ಬರೋ ಬಾಲ್) ಹತ್ತು ಸಲ ಎಸೆದು ನೋಡ್ತಿರ್ತಾನೆ, ಇನ್ನೊಬ್ಬನಿಗೆ ಇವತ್ತು ಬರೀ ಫಾಸ್ಟ್‌ಬಾಲ್ ಅಂತ ಕೋಚ್ ಹೇಳಿರ್ತಾರೆ. ಬರೋದು ಫಾಸ್ಟ್‌ಬಾಲೇ ಅಂತ ಗೊತ್ತಿದ್ದು ಹೊಡೆದ ಹೋಮ್‌ರನ್ನೂ, ಶುಕ್ರವಾರ ರಾತ್ರಿ ಎದುರು ಟೀಮಿನ ಮೊದಲನೇ, ಅಂದ್ರೆ ಎಲ್ಲರಿಗಿಂತ ಒಳ್ಳೆ ಪಿಚರ್‌ಗೆ ಹೊಡೆದ ಡಬಲ್ಲೂ (ಎರಡನೇ ಬೇಸ್ ತಲುಪಿಸೋ ಹಿಟ್) ಒಂದೇ ತೂಕದ್ದಲ್ಲ. ಜೊತೆಗೆ ಇವರೆಲ್ಲ ಸೆಪ್ಟೆಂಬರಿಂದ ಒಬ್ಬರನ್ನೊಬ್ಬರು ಎದುರಿಸ್ತಾನೇ ಇದಾರೆ, ಯಾರ ಸ್ಲೈಡರ್ (ಕೊನೇಲಿ ಪಕ್ಕಕ್ಕೆ ಜಾರೋ ಬಾಲ್) ಕೈಯಿಂದ ಹೆಂಗೆ ಬಿಡತ್ತೆ ಅನ್ನೋದು ಬಾಯಿಪಾಠ ಆಗಿರತ್ತೆ.

ಆಮೇಲೆ ಕೋಚ್ ಆವತ್ತು ಇಟ್ಟಿರೋ ನಿಯಮ ಏನು ಅಂತ ಪಕ್ಕದಲ್ಲಿ ಕೂತೋರನ್ನ ಕೇಳಿ ತಿಳ್ಕೊಳ್ಳಿ. ಕೆಲವು ದಿನ ಪ್ರತಿಯೊಬ್ಬನಿಗೂ ಕೌಂಟ್ 1-1ರಿಂದಲೇ (ಆಗಲೇ ಒಂದು ಕೆಟ್ಟ ಎಸೆತ, ಒಂದು ಸ್ಟ್ರೈಕ್ ಆದಂಗೆ; ಮೂರು ಸ್ಟ್ರೈಕ್ ಆದ್ರೆ ಸ್ಟ್ರೈಕ್‌ಔಟ್) ಶುರು ಮಾಡಿಸ್ತಾರೆ, ಆಗ ಸ್ಟ್ರೈಕ್‌ಔಟ್ ತಾನಾಗೇ ಜಾಸ್ತಿ ಆಗತ್ತೆ, ಅದಕ್ಕೆ ಹುಡುಗನನ್ನ ಬೈಯೋದ್ರಲ್ಲಿ ಅರ್ಥ ಇಲ್ಲ. ಕೆಲವು ಸಲ ಎರಡನೇ ಬೇಸಲ್ಲಿ ರನ್ನರ್‌ನ ನಿಲ್ಲಿಸಿಯೇ ಇನಿಂಗ್ಸ್ ಶುರು. ಅಲ್ಲಿ ಬಲಗಡೆಗೆ ನೆಲದ ಮೇಲೆ ಉರುಳಿಸಿ ಹೊಡೆದು ತಾನು ಔಟಾದ್ರೂ ರನ್ನರ್ ಮೂರನೇ ಬೇಸಿಗೆ ಹೋದ ಅಂದ್ರೆ ಡಗೌಟಲ್ಲಿ ಎಲ್ಲರೂ ಕೈ ಚಾಚಿ ಅವನನ್ನ ತಟ್ತಾರೆ, ಸ್ಕೋರ್ ಶೀಟಲ್ಲಿ ಮಾತ್ರ ಅದು ಬರೀ ಔಟ್.

ಈಗ ನಿಜವಾದ ವಿಷ್ಯಕ್ಕೆ ಬರೋಣ, ಅವನು ಯಾವ ಬಾಲ್ ಬಿಡ್ತಾನೆ? ಹೋಮ್ ಪ್ಲೇಟ್ ಅಗಲ 17 ಇಂಚು ಅಷ್ಟೇ, ಒಳ್ಳೆ ಸ್ಲೈಡರ್ ಅದರ ಮೇಲೇ ಬರೋ ಹಂಗೆ ಕಂಡು ಕೊನೇ ಕ್ಷಣದಲ್ಲಿ ಹೊರಗೆ ಜಾರತ್ತೆ. ನಾನು ಒಮ್ಮೆ ಕ್ಯಾಚರ್ ಹಿಂದಿನ ಸಾಲಲ್ಲೇ ಕೂತಿದ್ದೆ, ಮೊದಲ ವರ್ಷದ ಹುಡುಗ, ಕೌಂಟ್ 1-2. ಸ್ಲೈಡರ್ ಬಂತು, ಅವನ ಮುಂದಿನ ಕಾಲು ಊರಿತು, ಕೈ ಹೊರಡೋಕೆ ರೆಡಿ, ಆದ್ರೆ ಸೊಂಟ ತಿರುಗಲಿಲ್ಲ, ಅಲ್ಲೇ ತಡ್ಕೊಂಡ. ಬಾಲ್ ಮಣ್ಣಿಗೆ ಬಡಿದು ಕ್ಯಾಚರ್ ಎದೆಗೆ ಹಾರ್ತು. ಮುಂದಿನದೂ ಅದೇ, ಅದನ್ನೂ ಬಿಟ್ಟ. ಕೊನೆಗೆ ಅವನು ನೇರ ಸೆಂಟರ್ ಫೀಲ್ಡರ್ ಕೈಗೆ ಹೊಡೆದು ಔಟಾದ, ಅವತ್ತಿನ ಲೆಕ್ಕದಲ್ಲಿ ಮೂರಕ್ಕೆ ಸೊನ್ನೆ. ಆದ್ರೆ ನನ್ನ ನೋಟ್‌ಬುಕ್ಕಲ್ಲಿ ಅವತ್ತು ಅವನ ಹೆಸರಿಗೇ ಎರಡು ಗೆರೆ ಎಳೆದೆ, ಆ ಎರಡು ಬಾಲ್ ಬಿಟ್ಟಿದ್ದಕ್ಕೆ.

ಇದು ದೊಡ್ಡೋರಲ್ಲೂ ಹಿಂಗೇ ಕಾಣತ್ತೆ. ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ (ಎಲ್‌ಎಸ್‌ಯು) ಟೀಮಿನ ಡಿಲನ್ ಕ್ರೂಸ್ 2023ರಲ್ಲಿ 0.426 ಹೊಡೆದ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಅದೇ ವರ್ಷ ಅವನು 71 ಸಲ ವಾಕ್ (ನಾಲ್ಕು ಕೆಟ್ಟ ಎಸೆತ ಬಿಟ್ಟು ಸಿಗೋ ಮೊದಲನೇ ಬೇಸ್) ತಗೊಂಡು 46 ಸಲ ಮಾತ್ರ ಸ್ಟ್ರೈಕ್‌ಔಟ್ ಆಗಿದ್ದು ನನಗೆ ಅದಕ್ಕಿಂತ ದೊಡ್ಡ ವಿಷ್ಯ.

ಮುಂದೆ ಫೌಲ್‌ಗಳನ್ನ (ಬ್ಯಾಟಿಗೆ ತಾಗಿ ಗೆರೆಯಾಚೆ ಹೋದ ಬಾಲ್‌ಗಳು) ನೋಡಿ, ಇದನ್ನ ಯಾರೂ ಬರ್ಕೊಳ್ಳಲ್ಲ. ಬಲಗೈ ಹಿಟ್ಟರ್ ಫಾಸ್ಟ್‌ಬಾಲನ್ನ ಮತ್ತೆ ಮತ್ತೆ ಮೊದಲನೇ ಬೇಸ್ ಕಡೆಗೆ ಫೌಲ್ ಮಾಡ್ತಿದ್ರೆ ಅವನು ತಡ ಆಗ್ತಿದಾನೆ ಅಂತ, ಮೂರನೇ ಬೇಸ್ ಕಡೆ ಹೋಗ್ತಿದ್ರೆ ಆತುರ. ನೇರ ಹಿಂದಿನ ನೆಟ್ಟಿಗೆ ಹೋದ್ರೆ ಟೈಮಿಂಗ್ ಸರಿ ಇದೆ, ಬಾಲಿನ ಸ್ವಲ್ಪ ಕೆಳಗೆ ತಾಗಿದೆ ಅಷ್ಟೇ, ಇಂಥೋನನ್ನ ಕೈಬಿಡಬೇಡಿ. ಜನವರೀಲಿ ಸ್ವಲ್ಪ ತಡ ಆಗೋದು ಸಹಜ, ಮೂರನೇ ವಾರಕ್ಕೂ ಗಂಟೆಗೆ 95 ಮೈಲಿ ಅಂದ್ರೆ ಸುಮಾರು 153 ಕಿಲೋಮೀಟರ್ ವೇಗದ ಬಾಲಿಗೆ ಹಂಗೇ ತಡ ಆಗ್ತಿದ್ರೆ ಮಾತ್ರ ಚಿಂತೆ.

ಬಾಲ್ ಬ್ಯಾಟಿಗೆ ಎಷ್ಟು ಗಟ್ಟಿ ತಾಗ್ತು ಅನ್ನೋದೂ ಬೇಕು. ಟೀಮಿನ ಹತ್ರ ಬಾಲಿನ ವೇಗ ಅಳೆಯೋ ಟ್ರ್ಯಾಕ್‌ಮ್ಯಾನ್ ರೇಡಾರ್ ಇರತ್ತೆ, ನಮ್ಮ ಹತ್ರ ಕಿವಿ. ಕಾಲೇಜಲ್ಲಿ ಲೋಹದ ಬ್ಯಾಟು, 2011ರಿಂದ ಅದರ ಪುಟಿತಕ್ಕೆ ಮಿತಿ ಹಾಕಿದಾರೆ, ಆದ್ರೂ ಮರದ ಬ್ಯಾಟಿನ ಹಂಗೆ ಮುರಿಯಲ್ಲ ಅನ್ನೋದ್ರಿಂದ ಮೈ ಹತ್ರ ಬಂದು ಹಿಡಿ ಕಡೆಗೆ ತಾಗಿದ ಬಾಲೂ ಹಿಟ್ ಆಗಿಬಿಡತ್ತೆ. ಕಣ್ಣು ಮುಚ್ಕೊಂಡು ಕೇಳಿ ನೋಡಿ, ಸರಿಯಾದ ಜಾಗಕ್ಕೆ ತಾಗಿದ್ರೆ ಚುರುಕಾಗಿ "ಟಣ್", ಹಿಡಿ ಹತ್ರ ಆದ್ರೆ ಮಂಕಾಗಿ "ಡಬ್". ಗಟ್ಟಿ ತಾಗಿದ್ದಕ್ಕೆ ಒಂದು ಚುಕ್ಕೆ ಇಡಿ, ಔಟಾದ್ರೂ ಇಡಿ.

ಸ್ಕ್ರಿಮೇಜಲ್ಲಿ ಹೆಸರೇ ಕೇಳದ ಹುಡುಗನ ಪುಟ ಹರಿದು ಬಿಸಾಕಬೇಡಿ. ಜಾರ್ಜಿಯಾ ಯೂನಿವರ್ಸಿಟಿಯ ಚಾರ್ಲಿ ಕಾಂಡನ್ 2022ರಲ್ಲಿ ಒಂದೂ ಮ್ಯಾಚ್ ಆಡದೆ ರೆಡ್‌ಶರ್ಟ್ ಆಗಿ (ಆಡೋ ಅವಕಾಶದ ಒಂದು ವರ್ಷ ಖರ್ಚಾಗದಂಗೆ ಟೀಮಲ್ಲೇ ಇದ್ದು) ಕೂತಿದ್ದ, ಮರುವರ್ಷ 25 ಹೋಮ್‌ರನ್, 2024ರಲ್ಲಿ 37 ಹೋಮ್‌ರನ್ ಜೊತೆಗೆ 0.433 ಆವರೇಜು.

ಸೀಸನ್ ಶುರುವಾದ್ಮೇಲೂ ನೋಟ್‌ಬುಕ್ ಮುಚ್ಚಬೇಡಿ. ಒಟ್ಟು 56 ಮ್ಯಾಚು, ವಾರಕ್ಕೆ ಸಾಮಾನ್ಯವಾಗಿ ನಾಲ್ಕು, ಮ್ಯಾಚಿಗೆ ನಾಲ್ಕು ಸಲ ಬ್ಯಾಟಿಂಗ್ ಅಂದ್ಕೊಂಡ್ರೂ ನಾಲ್ಕು ವಾರಕ್ಕೆ 60 ಸಲ ದಾಟತ್ತೆ, ಸ್ಟ್ರೈಕ್‌ಔಟ್ ಪ್ರಮಾಣವನ್ನ ಆಗ ಒಂದು ಮಟ್ಟಿಗೆ ನಂಬಬಹುದು. ಆವರೇಜು ನಂಬೋಕೆ ಅದಕ್ಕಿಂತ ಎಷ್ಟೋ ಹೆಚ್ಚು ಬೇಕು. ಮಾರ್ಚ್ ಮಧ್ಯದಲ್ಲಿ ಒಂದು ಶುಕ್ರವಾರ ರಾತ್ರಿ, ಪರವೂರಿನ ಒಳ್ಳೆ ಪಿಚರ್ ಬಂದಾಗ, ಜನವರಿಯ ಪುಟ ತೆಗೆದು ಪಕ್ಕದಲ್ಲಿಟ್ಕೊಂಡು ಕೂತ್ಕೊಳ್ಳಿ. ಕೌಂಟ್ 1-2 ಆದಾಗ, ಪ್ಲೇಟಿಂದ ಹೊರಗೆ ಜಾರೋ ಆ ಸ್ಲೈಡರ್‌ಗೆ ನಿಮ್ಮ ಹುಡುಗನ ಸೊಂಟ ತಿರುಗತ್ತಾ ಇಲ್ವಾ ನೋಡಿ.