‘ರನ್’ ಪದವನ್ನು ಕನ್ನಡಕ್ಕೆ ತರಲು ನಾನು ಚೀಟಿ ಬರೆದದ್ದು

ನೀರೆತ್ತುವ ಪಂಪಿನ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಮಾಡಿದ ಒಂದು ತಪ್ಪಿನಿಂದ ಈ ಕೆಲಸ ಆರಂಭವಾಯಿತು. ‘ಡೋಂಟ್ ರನ್ ದ ಪಂಪ್ ಡ್ರೈ’ ಎಂಬ ಎಚ್ಚರಿಕೆಯನ್ನು ನಾನು ‘ಪಂಪನ್ನು ಒಣಗಿಸಬೇಡಿ’ ಎಂದು ಬರೆದಿದ್ದೆ. ಕರಡನ್ನು ಓದಿದ ಮೆಕ್ಯಾನಿಕ್ ಒಬ್ಬರು, ಒದ್ದೆಯಾದ ಪಂಪನ್ನು ಒಣಗಿಸಿದರೆ ಏನು ನಷ್ಟ ಎಂದು ಕೇಳಿ ನಕ್ಕರು. ಪಂಪಿನ ಸೀಲನ್ನು ತಂಪಾಗಿಡುವುದು ಅದರೊಳಗಿನ ನೀರೇ ಆದ್ದರಿಂದ ನೀರಿಲ್ಲದೆ ತಿರುಗಿದರೆ ಸೀಲು ಸುಟ್ಟುಹೋಗುತ್ತದೆ. ಹೇಳಬೇಕಾಗಿದ್ದದ್ದು ‘ನೀರಿಲ್ಲದೆ ಪಂಪ್ ಓಡಿಸಬೇಡಿ’ ಎಂದು. ಮತ್ತೆ ಮೊದಲಿನಿಂದ ಓದಿದಾಗ ಅದೇ ಕೈಪಿಡಿಯಲ್ಲಿ ಹನ್ನೊಂದು ಕಡೆ ‘ರನ್’ ಸಿಕ್ಕಿತು. ಅವುಗಳಲ್ಲಿ ‘ಓಡು’ ಎಂಬುದು ಒಪ್ಪುತ್ತಿದ್ದದ್ದು ಎರಡೇ ಕಡೆ.

ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಪೀಟರ್ ಗಿಲಿವರ್ ಈ ಒಂದು ಕ್ರಿಯಾಪದದ ಪರಿಷ್ಕರಣೆಗೆ ಸುಮಾರು 9 ತಿಂಗಳು ತೆಗೆದುಕೊಂಡು, 645 ಅರ್ಥಗಳನ್ನು ಗುರುತಿಸಿದ್ದಾರೆ. ಆ ನಿಘಂಟಿನ ಮೊದಲ ಆವೃತ್ತಿ 1884ರಿಂದ 1928ರವರೆಗೆ ಬಿಡಿ ಭಾಗಗಳಾಗಿ ಹೊರಬಂದಾಗ ಅದರ ಹಿಂದಿದ್ದದ್ದು ಓದುಗರು ಬರೆದು ಕಳಿಸಿದ ಲಕ್ಷಾಂತರ ಚೀಟಿಗಳು. ನಾನೂ ಅದೇ ದಾರಿ ಹಿಡಿದು, ಓದುವಾಗ ಕಂಡ ಪ್ರತಿಯೊಂದು ‘ರನ್’ ವಾಕ್ಯವನ್ನು ಒಂದೊಂದು ಚೀಟಿಯಲ್ಲಿ ಬರೆದು, ಹಿಂಬದಿಯಲ್ಲಿ ನಮ್ಮ ಮನೆಯಲ್ಲಿ ಆ ಮಾತನ್ನು ಹೇಗೆ ಆಡುತ್ತೇವೆ ಎಂಬುದನ್ನು ದಾಖಲಿಸತೊಡಗಿದೆ.

ಚೀಟಿಗಳನ್ನು ಮೊದಲು ಇಂಗ್ಲಿಷ್ ನಿಘಂಟಿನ ಕ್ರಮದಲ್ಲಿ ಜೋಡಿಸಿದೆ. ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಅನಂತರ ಹಿಂಬದಿಯ ಕನ್ನಡವನ್ನಷ್ಟೇ ನೋಡುತ್ತ ವಿಂಗಡಿಸಿದಾಗ ರಾಶಿ ತಾನಾಗಿಯೇ ಎರಡಾಯಿತು. ಒಂದರಲ್ಲಿ ಓಡು, ಹರಿ, ನಡೆ. ಇನ್ನೊಂದರಲ್ಲಿ ಓಡಿಸು, ಹರಿಸು, ನಡೆಸು. ಕನ್ನಡಕ್ಕೆ ‘ಇಸು’ ಪ್ರತ್ಯಯವಿದೆ, ಇಂಗ್ಲಿಷ್ ಆ ಭೇದವನ್ನು ಕಳೆದುಕೊಂಡಿದೆ. ಹಳೆಯ ಇಂಗ್ಲಿಷಿನಲ್ಲಿ ತಾನೇ ಓಡುವುದಕ್ಕೆ ‘ರಿನ್ನನ್’ ಎಂಬ ಧಾತುವಿದ್ದು, ಓಡಿಸುವುದಕ್ಕೆ ಅದರ ಪ್ರೇರಣಾರ್ಥಕ ರೂಪ ಬೇರೆಯೇ ಇತ್ತು. ಕಾಲಕ್ರಮದಲ್ಲಿ ಎರಡೂ ಒಂದೇ ‘ರನ್’ ಆಗಿ ಬೆರೆತುಹೋದವು. ಹಾಗಾಗಿ ಈಗ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ, ಇಲ್ಲಿ ವಸ್ತು ತಾನೇ ಚಲಿಸುತ್ತಿದೆಯೋ ಅಥವಾ ಯಾರೋ ಅದನ್ನು ಚಲಿಸುವಂತೆ ಮಾಡುತ್ತಿದ್ದಾರೋ ಎಂಬುದು.

ಎರಡನೆಯದಾಗಿ ಪಕ್ಕದ ನಾಮಪದವನ್ನು ನೋಡುತ್ತೇನೆ, ಏಕೆಂದರೆ ಕನ್ನಡದ ಕ್ರಿಯಾಪದವನ್ನು ಆರಿಸುವುದು ಅದೇ. ನದಿ ಹರಿಯುತ್ತದೆ, ಮೂಗು ಸೋರುತ್ತದೆ, ಅಂಗಡಿ ನಡೆಯುತ್ತದೆ. ಇಂಗ್ಲಿಷಿನಲ್ಲಿ ವ್ಯಾಪಾರ ಓಡಿದರೆ ನಮ್ಮಲ್ಲಿ ಅದು ನಡೆಯುವುದೇ ಆರೋಗ್ಯದ ಲಕ್ಷಣ. ಗೋಡೆಗುಂಟ ಕೇಬಲ್ ‘ರನ್’ ಮಾಡಬೇಕೆಂದಿದ್ದರೆ ನಮ್ಮ ವೈರ್‌ಮನ್ ಅದನ್ನು ಎಳೆಯುತ್ತಾನೆ. ದಸರೆಗೆ ಹೆಚ್ಚುವರಿ ಬಸ್ಸುಗಳನ್ನು ಓಡಿಸುತ್ತಾರೆ ಎನ್ನುವುದಕ್ಕಿಂತ ಬಸ್ ಬಿಟ್ಟಿದ್ದಾರೆ ಎನ್ನುವುದೇ ಸಹಜ. ಇಂಗ್ಲಿಷಿನ ರೋಗಿ ಜ್ವರವನ್ನೂ ‘ರನ್’ ಮಾಡುತ್ತಾನೆ, ನಮ್ಮ ರೋಗಿಯಂತೂ ಏನನ್ನೂ ಮಾಡುವುದಿಲ್ಲ. ಅವನಿಗೆ ಜ್ವರ ಬರುತ್ತದೆ, ಅಷ್ಟೇ. ಚುನಾವಣೆಯ ಚೀಟಿ ನನಗೆ ಬಹಳ ಪ್ರಿಯವಾದದ್ದು: ಅಮೆರಿಕದ ಅಭ್ಯರ್ಥಿ ಓಡುತ್ತಾನೆ, ಬ್ರಿಟನ್ನಿನ ಅಭ್ಯರ್ಥಿ ನಿಲ್ಲುತ್ತಾನೆ, ನಮ್ಮವನೂ ನಿಲ್ಲುತ್ತಾನೆ.

‘ಔಟ್’, ‘ಓವರ್’, ‘ಇಂಟು’ ಮುಂತಾದ ಬಾಲ ಹಚ್ಚಿಕೊಂಡ ‘ರನ್’ಗಳನ್ನು ಬಿಡಿಸಿ ನೋಡುವ ಪ್ರಯತ್ನವನ್ನು ನಾನು ಬೇಗನೆ ಕೈಬಿಟ್ಟೆ. ಡೀಸೆಲ್ ‘ರನ್ ಔಟ್’ ಆದರೆ ಅದು ಮುಗಿದಿದೆ, ಹಳೆಯ ಗೆಳೆಯನಿಗೆ ‘ರನ್ ಇಂಟು’ ಆದರೆ ಅವನು ಅಚಾನಕ್ಕಾಗಿ ಸಿಕ್ಕಿದ್ದಾನೆ. ಇವನ್ನು ಇಡಿಯಾಗಿಯೇ ನೆನಪಿಟ್ಟುಕೊಳ್ಳಬೇಕು. ಕ್ರಿಕೆಟ್ಟಿನ ರನ್ನನ್ನು ಅನುವಾದಿಸುವ ಗೋಜಿಗೇ ಹೋಗಲಿಲ್ಲ. ಚೆಂಡು ಬೌಂಡರಿ ಮುಟ್ಟಿದಾಗ ಒಂದು ಹೆಜ್ಜೆಯೂ ಓಡದೆ ನಾಲ್ಕು ರನ್ ಸಿಗುವುದನ್ನು ‘ಓಟ’ ಎನ್ನಲು ಮನಸ್ಸು ಒಪ್ಪದು, ಮತ್ತು ಆ ಪದ ಕನ್ನಡದ್ದೇ ಆಗಿ ಬಹುಕಾಲವಾಗಿದೆ.

ಹೊಸ ಬಟ್ಟೆಯ ಬಣ್ಣ ‘ರನ್’ ಆಗುತ್ತದೆ ಎಂಬ ಚೀಟಿಯ ಹಿಂದೆ ‘ಬಣ್ಣ ಬಿಡುತ್ತದೆ’ ಎಂದು ಬರೆಯುವಾಗ, ಇದೇ ‘ಬಿಡು’ ಬಸ್ಸಿನ ಚೀಟಿಯಲ್ಲೂ ಇರುವುದು ಗಮನಕ್ಕೆ ಬಂತು. ಶಾಲೆ ಬಿಡುತ್ತದೆ, ಮಳೆ ಬಿಡುತ್ತದೆ, ಮಾವಿನ ಮರ ಕಾಯಿ ಬಿಡುತ್ತದೆ, ಸನ್ಯಾಸಿ ಗಡ್ಡ ಬಿಡುತ್ತಾನೆ ಆದರೆ ಸಂಸಾರವನ್ನೂ ಬಿಡುತ್ತಾನೆ, ಕೆಲವರು ರೀಲು ಬಿಡುತ್ತಾರೆ. ಇವನ್ನೆಲ್ಲ ಇಂಗ್ಲಿಷಿಗೆ ತರುವವರ ಪಾಡನ್ನು ಊಹಿಸಿಕೊಂಡು, ‘ಬಿಡು’ವಿಗೂ ಒಂದು ಪೆಟ್ಟಿಗೆ ತಂದಿಟ್ಟಿದ್ದೇನೆ. ಅದರಲ್ಲಿ ಈಗಾಗಲೇ ಐವತ್ತಕ್ಕೂ ಹೆಚ್ಚು ಚೀಟಿಗಳಿವೆ.